ಮೂರನೆಯ ಮಗುವಿನ ಪಾಲು

ವಿದ್ಯಾರ್ಥಿವೇತನದ ಅರ್ಜಿ ನಮೂನೆಗಳ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ, ಒಂದು ನಿಬಂಧನೆ ಮುದ್ರಿತವಾಗಿರುತ್ತದೆ: ಒಂದು ಕುಟುಂಬದ ಇಬ್ಬರು ಮಕ್ಕಳಿಗೆ ಮಾತ್ರ ಈ ನೆರವು ದೊರೆಯತಕ್ಕದ್ದು. ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2008ರಲ್ಲಿ ಮಂಜೂರು ಮಾಡಿದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನದ ನಿಯಮಾವಳಿಯಲ್ಲಿ ಈ ಮಾತಿತ್ತು. 2014ರ ಜನವರಿಯಲ್ಲಿ ಜೈನ ಸಮುದಾಯಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆತ ಮೇಲೆ ಅದು ನಮ್ಮ ಮಕ್ಕಳಿಗೂ ಅನ್ವಯವಾಯಿತು. ಸರ್ಕಾರದ ನಿಯಮ ಸರ್ಕಾರದ ಕಡತದಲ್ಲಿಯೇ ಉಳಿದಿದ್ದರೆ ಅದನ್ನು ಕುರಿತು ಸರ್ಕಾರದೊಡನೆ ವಾದಿಸಬಹುದಾಗಿತ್ತು. ಆದರೆ ಅದೇ ವಾಕ್ಯ ನಮ್ಮ ಕೆಲವು ಬಸದಿ ಟ್ರಸ್ಟುಗಳ, ವಿದ್ಯಾನಿಧಿಗಳ ನಮೂನೆಗಳಿಗೂ ಯಾವ ಚರ್ಚೆಯೂ ಇಲ್ಲದೆ ನಕಲಾಗಿ ಬಂದು ಕುಳಿತಿದೆ. ದಾನದ ಬಗ್ಗೆ ಸಾವಿರ ವರ್ಷಗಳಿಂದ ಶಾಸನಗಳನ್ನು ಕೆತ್ತಿಸಿಕೊಂಡು ಬಂದ ಸಮಾಜ ದಾನದ ನಿಯಮವನ್ನು ಸರ್ಕಾರಿ ಸುತ್ತೋಲೆಯಿಂದ ಎರವಲು ಪಡೆಯಬೇಕಾಗಿ ಬಂದದ್ದು ವಿಚಿತ್ರವೇ ಸರಿ.

ಈ ನಿಬಂಧನೆ ಅಧರ್ಮ್ಯವಾದುದು ಎಂಬುದು ನನ್ನ ವಾದ. ಸರ್ಕಾರ ಮಾಡಿದರೂ ಅಧರ್ಮ್ಯ, ಶ್ರಾವಕರ ಟ್ರಸ್ಟು ಮಾಡಿದರೆ ಇನ್ನೂ ಹೆಚ್ಚು. ಜನಸಂಖ್ಯೆ ಹೆಚ್ಚಬೇಕೇ ತಗ್ಗಬೇಕೇ ಎಂಬ ಪ್ರಶ್ನೆ ಇಲ್ಲಿಲ್ಲ. ಹುಟ್ಟಿಬಿಟ್ಟಿರುವ ಒಂದು ಮಗು, ತಾನು ಹುಟ್ಟಿದ ಕ್ರಮಸಂಖ್ಯೆಯ ಕಾರಣದಿಂದ, ತನ್ನ ಅಕ್ಕನಿಗೆ ಸಿಕ್ಕ ನೆರವನ್ನು ಕಳೆದುಕೊಳ್ಳಬಹುದೇ ಎಂಬುದಷ್ಟೇ ಪ್ರಶ್ನೆ.

ಮೊದಲು ಸರ್ಕಾರದ ಕಡೆಯನ್ನು ನೋಡೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ನಾಲ್ಕನೆಯ ಪ್ರಕರಣ, ಸರ್ಕಾರಿ ನೌಕರಿ ಮುಂತಾದವುಗಳಿಂದ ಈ ಸೌಲಭ್ಯ ಮೊದಲೇ ಪಡೆಯುವವರನ್ನು ಬಿಟ್ಟು, ಪ್ರತಿಯೊಬ್ಬ ಗರ್ಭಿಣಿಗೂ ಬಾಣಂತಿಗೂ ಕನಿಷ್ಠ 6000 ರೂಪಾಯಿಗಳ ಹೆರಿಗೆ ನೆರವನ್ನು ಹಕ್ಕಾಗಿ ಕೊಟ್ಟಿತು. ಎಷ್ಟನೆಯ ಹೆರಿಗೆ ಎಂದು ಕಾಯಿದೆ ಕೇಳಲಿಲ್ಲ. ಸಂಸತ್ತಿನ ಆ ಔದಾರ್ಯ ಯೋಜನೆಯ ರೂಪ ತಾಳುವಷ್ಟರಲ್ಲಿ ಕುಗ್ಗಿತು. 2017ರ ಜನವರಿ 1ರಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊತ್ತ 5000ಕ್ಕೆ ಇಳಿಯಿತು, ಅದೂ ಮೊದಲನೆಯ ಜೀವಂತ ಮಗುವಿಗೆ ಮಾತ್ರ. 2022ರಲ್ಲಿ ಯೋಜನೆಯನ್ನು ಪರಿಷ್ಕರಿಸಿದಾಗ ಎರಡನೆಯ ಮಗುವನ್ನೂ ಸೇರಿಸಿದರು, ಆದರೆ ಅದು ಹೆಣ್ಣಾಗಿದ್ದರೆ ಮಾತ್ರ. ಆಗ 6000 ರೂಪಾಯಿ. ಹೆಣ್ಣುಮಗುವಿಗೆ ಮರ್ಯಾದೆ ತರುವ ಉದ್ದೇಶವನ್ನು ನಾನು ಹಳಿಯುವುದಿಲ್ಲ. ಆದರೆ ಈ ನಿಯಮದ ಒಳಗೆ ಅಡಗಿರುವ ಅಸಂಗತಿಯನ್ನು ಗಮನಿಸಿರಿ. ಗರ್ಭಿಣಿಗೆ ಪೌಷ್ಟಿಕ ಆಹಾರ ದೊರೆಯಲಿ, ಕೂಲಿ ತಪ್ಪಿದ ದಿನಗಳಿಗೆ ಪರಿಹಾರ ಸಿಗಲಿ ಎಂಬುದು ಯೋಜನೆಯ ಘೋಷಿತ ಉದ್ದೇಶ. ಹುಟ್ಟುವ ಶಿಶು ಹೆಣ್ಣೆಂದು ತಿಳಿಯುವುದು ಹುಟ್ಟಿದ ಮೇಲೆ. ಹಾಗಾಗಿ ಎರಡನೆಯ ಬಸುರಿನ ಹಣ ಬಸುರು ಕಳೆದ ಬಳಿಕ ಬರುತ್ತದೆ. ಹುಟ್ಟಿದ್ದು ಗಂಡಾದರೆ ಬರುವುದೇ ಇಲ್ಲ. ಮೂರನೆಯದಕ್ಕಂತೂ ಆ ಪುಸ್ತಕದಲ್ಲಿ ಪುಟವೇ ಇಲ್ಲ.

ಇದೇ ಸರ್ಕಾರಿ ವ್ಯವಸ್ಥೆ ಒಮ್ಮೆ ತನ್ನನ್ನು ತಾನೇ ತಿದ್ದಿಕೊಂಡದ್ದೂ ಉಂಟು. ಆಸ್ಪತ್ರೆಯ ಹೆರಿಗೆಯನ್ನು ಉತ್ತೇಜಿಸಲು 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆಯಲ್ಲಿ, ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ, ಎರಡು ಹೆರಿಗೆಗಳ ಮಿತಿ ಇತ್ತು. ಮೂರನೆಯ, ನಾಲ್ಕನೆಯ ಹೆರಿಗೆಯಲ್ಲಿಯೇ ತಾಯಿಗೆ ಅಪಾಯ ಹೆಚ್ಚು, ಅವಳನ್ನೇ ಆಸ್ಪತ್ರೆಯ ಬಾಗಿಲಿನಿಂದ ದೂರವಿಡುವುದು ಯಾವ ವಿವೇಕ? 2013ರಲ್ಲಿ ಆ ಮಿತಿಯನ್ನು ತೆಗೆದುಹಾಕಲಾಯಿತು. ಇನ್ನು ಉದ್ಯೋಗಸ್ಥ ಮಹಿಳೆಯರ ಹೆರಿಗೆ ರಜೆ. 2017ರ ತಿದ್ದುಪಡಿ ಎರಡು ಮಕ್ಕಳವರೆಗೆ 26 ವಾರಗಳ ರಜೆ ಕೊಟ್ಟು, ಆಗಲೇ ಇಬ್ಬರು ಮಕ್ಕಳುಳ್ಳ ತಾಯಿಗೆ 12 ವಾರಗಳೆಂದು ನಿಗದಿ ಮಾಡಿತು. ಮೂರನೆಯ ಬಾಣಂತನದಲ್ಲಿ ಶರೀರ ಬೇಗ ಚೇತರಿಸಿಕೊಳ್ಳುತ್ತದೆ ಎಂದು ಯಾವ ವೈದ್ಯರು ಹೇಳಿದರೋ ತಿಳಿಯದು. ತಮಿಳುನಾಡಿನ ಶಿಕ್ಷಕಿಯೊಬ್ಬರಿಗೆ ಹೀಗೆಯೇ ಮಕ್ಕಳ ಸಂಖ್ಯೆಯ ನೆಪದಲ್ಲಿ ಹೆರಿಗೆ ರಜೆ ನಿರಾಕರಿಸಿದ್ದನ್ನು 2025ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಹೆರಿಗೆ ಸೌಲಭ್ಯವು ಮಹಿಳೆಯ ಸಂತಾನ ಸಂಬಂಧಿ ಹಕ್ಕುಗಳ ಭಾಗವೆಂದು ಹೇಳಿತು.

ಎದುರು ವಾದಿಗಳು 2003ರ ಇನ್ನೊಂದು ತೀರ್ಪನ್ನು ಮುಂದಿಡುತ್ತಾರೆ. ಇಬ್ಬರಿಗಿಂತ ಹೆಚ್ಚು ಮಕ್ಕಳುಳ್ಳವರು ಪಂಚಾಯಿತಿ ಚುನಾವಣೆಗೆ ನಿಲ್ಲಬಾರದೆಂಬ ಹರಿಯಾಣದ ಕಾನೂನನ್ನು ಅಂದು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು ನಿಜ. ಹರಿಯಾಣ ಮುಂದೆ ಅದನ್ನು ಕೈಬಿಟ್ಟಿತು. ಆಂಧ್ರಪ್ರದೇಶವೂ ತನ್ನ ಅಂಥದೇ ನಿಯಮವನ್ನು 2024ರಲ್ಲಿ ರದ್ದುಪಡಿಸಿತು. ಅದಿರಲಿ, ಆ ಕಾನೂನಿನಲ್ಲಿ ನಷ್ಟವಾಗುತ್ತಿದ್ದದ್ದು ತಂದೆಗೆ ಅಥವಾ ತಾಯಿಗೆ, ಅದೂ ಒಂದು ಕುರ್ಚಿ. ಇಲ್ಲಿ ನಷ್ಟವಾಗುವುದು ಮಗುವಿಗೆ, ಅದೂ ಹಾಲು ಮತ್ತು ಪುಸ್ತಕ.

ನಮ್ಮ ಸಮಾಜದ ಹಿರಿಯರು ಎತ್ತುವ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಸಂಯಮ ನಮ್ಮ ಧರ್ಮದ ಬೆನ್ನೆಲುಬು. ಬ್ರಹ್ಮಚರ್ಯಾಣುವ್ರತ, ಪರಿಗ್ರಹ ಪರಿಮಾಣ ಇವೆಲ್ಲ ಗೃಹಸ್ಥನಿಗೆ ಮಿತಿಯನ್ನು ಕಲಿಸುತ್ತವೆ. ಮಿತಿ ಮೀರಿದ ಸಂಸಾರಕ್ಕೆ ನೆರವು ನೀಡಿದರೆ ಅಸಂಯಮವನ್ನು ಅನುಮೋದಿಸಿದಂತಾಗುವುದಿಲ್ಲವೇ, ಕೃತ ಕಾರಿತಗಳಂತೆ ಅನುಮೋದನೆಯೂ ಆಸ್ರವಕ್ಕೆ ಕಾರಣವಲ್ಲವೇ ಎಂದು ಅವರು ಕೇಳುತ್ತಾರೆ. ಗೌರವದಿಂದಲೇ ಉತ್ತರಿಸಬೇಕಾದ ಪ್ರಶ್ನೆ ಇದು.

ವ್ರತವೆಂಬುದು ತಾನಾಗಿ ಸ್ವೀಕರಿಸಿದ್ದು. ಗುರುಸನ್ನಿಧಿಯಲ್ಲಿ ಕೈಮುಗಿದು ತೆಗೆದುಕೊಂಡ ನಿಯಮಕ್ಕೆ ವ್ರತವೆಂಬ ಹೆಸರು ಸಲ್ಲುತ್ತದೆಯೇ ಹೊರತು, ಇನ್ನೊಬ್ಬರು ಹಸಿವಿನ ಭಯ ತೋರಿಸಿ ಹೇರಿದ ಕಟ್ಟಳೆಗೆ ಸಲ್ಲುವುದಿಲ್ಲ. ಉಪವಾಸ ಮಾಡಿದವನಿಗೆ ನಿರ್ಜರೆ. ಊಟ ಸಿಗದೆ ಮಲಗಿದವನದು ಉಪವಾಸವೆನಿಸದು. ಪರಿಗ್ರಹ ಪರಿಮಾಣದಲ್ಲಿ ಶ್ರಾವಕನು ಅಳೆಯುವುದು ತನ್ನ ಕಣಜವನ್ನು, ನೆರೆಮನೆಯ ತೊಟ್ಟಿಲನ್ನಲ್ಲ. ಅನುಮೋದನೆಯ ಮಾತೂ ಹಾಗೆಯೇ. ಮೂರನೆಯ ತರಗತಿಯ ಹುಡುಗನಿಗೆ ಪಠ್ಯಪುಸ್ತಕ ಕೊಡಿಸಿದ ಟ್ರಸ್ಟು ಅನುಮೋದಿಸುವುದು ಅವನ ಓದನ್ನು. ಎಂಟು ವರ್ಷಗಳ ಹಿಂದೆ ಅವನ ತಂದೆತಾಯಿಗಳು ಮಾಡಿದ ನಿರ್ಧಾರಕ್ಕೂ ಆ ಪುಸ್ತಕಕ್ಕೂ ಸಂಬಂಧ ಕಲ್ಪಿಸುವುದು ತರ್ಕವನ್ನು ಬಹಳ ದೂರ ಎಳೆದಂತೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಇವು ನಾಲ್ಕು. ಐದನೆಯದರ ಹೆಸರು ಅನ್ನಪಾನನಿರೋಧ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಹಸು ಮೊದಲಾದ ಪ್ರಾಣಿಗಳಿಗೆ ಹಸಿವು ಬಾಯಾರಿಕೆಗಳ ಬಾಧೆಯನ್ನು ಉಂಟುಮಾಡುವುದೆಂದು ಅರ್ಥ ಹೇಳಿದ್ದಾರೆ. ಹಸುವಿನ ವಿಷಯದಲ್ಲಿ ಅತಿಚಾರವಾದದ್ದು ಮಗುವಿನ ವಿಷಯದಲ್ಲಿ ನೀತಿಯಾಗುವುದು ಹೇಗೆ? ಕೊಡದೆ ಇರುವುದು ಬೇರೆ, ಇದ್ದದ್ದನ್ನು ತಡೆಯುವುದು ಬೇರೆ ಎಂದು ಇಲ್ಲಿ ಒಬ್ಬರು ಸೂಕ್ಷ್ಮ ತೆಗೆಯಬಹುದು. ಯಾರಿಗೂ ಕೊಡದ ಟ್ರಸ್ಟಿಗೆ ಆ ಸೂಕ್ಷ್ಮ ಒಪ್ಪೀತು. ಒಂದೇ ಮನೆಯಲ್ಲಿ, ಒಂದೇ ಬಡತನದಲ್ಲಿ, ಇಬ್ಬರಿಗೆ ಬಡಿಸಿ ಮೂರನೆಯ ಎಲೆಯ ಮುಂದೆ ಸೌಟನ್ನು ಹಿಂದಕ್ಕೆ ಎಳೆದುಕೊಂಡವರಿಗೆ ಒಪ್ಪದು. ಅಷ್ಟೇ ಅಲ್ಲ, ಮನೆಯೊಳಗೆ ಪಾತ್ರೆ ಒಂದೇ. ಇಬ್ಬರಿಗೆಂದು ಕೊಟ್ಟದ್ದನ್ನು ತಾಯಿ ಮೂವರಿಗೆ ಹಂಚುತ್ತಾಳೆ, ಹಂಚದಿದ್ದರೆ ಅವಳು ತಾಯಿಯಲ್ಲ. ಆದುದರಿಂದ ಈ ಮಿತಿ ಮೂರನೆಯವನನ್ನು ಮಾತ್ರ ದಂಡಿಸುತ್ತದೆ ಎಂಬುದೂ ಸುಳ್ಳು, ಮೊದಲಿನ ಇಬ್ಬರ ಪಾಲನ್ನೂ ಅದು ಕಡಿಮೆ ಮಾಡುತ್ತದೆ.

ಆಯಾ ಜೀವ ತನ್ನ ಕರ್ಮಾನುಸಾರ ಆಯಾ ಮನೆಯಲ್ಲಿ ಹುಟ್ಟುತ್ತದೆ, ಅದನ್ನು ನಾವೇಕೆ ತಿದ್ದಬೇಕು ಎಂಬ ಮಾತನ್ನೂ ಅಲ್ಲಲ್ಲಿ ಕೇಳಿದ್ದೇನೆ. ಕರ್ಮಸಿದ್ಧಾಂತವನ್ನು ಹೀಗೆ ಬಳಸುವುದಾದರೆ ಮೊದಲು ನಮ್ಮ ಔಷಧಾಲಯಗಳನ್ನು ಮುಚ್ಚಬೇಕು, ಗೋಶಾಲೆಗಳ ಬಾಗಿಲಿಗೆ ಬೀಗ ಹಾಕಬೇಕು. ಕಸಾಯಿಖಾನೆಯ ದಾರಿಯಿಂದ ಬಿಡಿಸಿ ತಂದ ಕರುವನ್ನು ಅದರ ತಾಯಿಗೆ ಎಷ್ಟನೆಯದೆಂದು ಯಾವ ಗೋಶಾಲೆಯ ಕಾರ್ಯದರ್ಶಿಯೂ ಕೇಳಿದ್ದು ನನಗೆ ಗೊತ್ತಿಲ್ಲ. ಧರ್ಮಸ್ಥಳದ ಅನ್ನಛತ್ರದಲ್ಲಿ ಸಾಲಾಗಿ ಕುಳಿತ ಮಕ್ಕಳನ್ನು ನೀನು ಮನೆಯಲ್ಲಿ ಎಷ್ಟನೆಯವನೆಂದು ವಿಚಾರಿಸಿ ಅನ್ನ ಬಡಿಸುವುದಿಲ್ಲ. ಪಾತ್ರದಾನದಲ್ಲಿ ಪಾತ್ರದ ಉತ್ತಮ, ಮಧ್ಯಮ, ಜಘನ್ಯ ಭೇದಗಳನ್ನು ನೋಡಬೇಕೆಂದು ಶಾಸ್ತ್ರ ಹೇಳುತ್ತದೆ ನಿಜ. ಕರುಣಾದಾನದಲ್ಲಿ ನೋಡತಕ್ಕದ್ದು ದುಃಖವೊಂದನ್ನೇ. ವಿದ್ಯಾರ್ಥಿವೇತನ ಯಾವ ವರ್ಗಕ್ಕೆ ಸೇರುತ್ತದೆಂಬ ಬಗ್ಗೆ ಸಂದೇಹವಿರಲಾರದು.

ಅಂದಹಾಗೆ, ಆದಿತೀರ್ಥಂಕರರ ಗೃಹಸ್ಥಾಶ್ರಮದ ಕಥೆಯನ್ನು ನಮ್ಮ ಮಕ್ಕಳಿಗೆಲ್ಲ ಹೇಳುತ್ತೇವೆ. ನೂರಕ್ಕೂ ಮಿಕ್ಕ ಆ ಮಕ್ಕಳಲ್ಲಿ ಬಾಹುಬಲಿ ಎಷ್ಟನೆಯವನು? ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕೆಯನ್ನೂ ಕಲಿಸುವ ಮುನ್ನ ವೃಷಭದೇವನು ಅವರ ಕ್ರಮಸಂಖ್ಯೆಯನ್ನು ನೋಡಲಿಲ್ಲ. ಇದನ್ನು ದೊಡ್ಡ ಸಂಸಾರದ ಸಮರ್ಥನೆಗೆ ಹೇಳುತ್ತಿಲ್ಲ, ಯುಗ ಬೇರೆ, ಕಾಲ ಬೇರೆ. ವಿಂಧ್ಯಗಿರಿಯ ಮೂರ್ತಿಗೆ ಮಸ್ತಕಾಭಿಷೇಕ ಮಾಡುವ ಸಮಾಜದ ಅರ್ಜಿ ನಮೂನೆಯಲ್ಲಿ ಬಾಹುಬಲಿಗೆ ಸ್ಥಳವಿಲ್ಲದಿರುವುದು ಸ್ವಲ್ಪ ನಗೆಯ ವಿಷಯವಲ್ಲವೇ ಎಂದು ಕೇಳುತ್ತಿದ್ದೇನೆ, ಅಷ್ಟೇ.

ಇನ್ನು ಈ ಮೂರನೆಯ ಮಗು ಯಾರು ಎಂಬುದನ್ನು ನೋಡಬೇಕು. ಜೈನರೆಂದರೆ ವ್ಯಾಪಾರಸ್ಥರು, ಅನುಕೂಲಸ್ಥರು ಎಂಬ ಚಿತ್ರ ಹೊರಗಿನವರಲ್ಲಿದೆ, ಒಳಗಿನವರಲ್ಲೂ ಉಂಟು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ಅಥಣಿ, ರಾಯಬಾಗ ಕಡೆಯ ರೈತ ಮನೆತನಗಳನ್ನು ಬಲ್ಲವರು ಹಾಗೆ ಹೇಳುವುದಿಲ್ಲ. ತುಂಡು ಹೊಲ, ಕಬ್ಬಿನ ಬಾಕಿ ಹಣ, ಮಗಳ ಮದುವೆಯ ಸಾಲ ಇವುಗಳ ನಡುವೆ ಬದುಕುವ ಶ್ರಾವಕರು ಅಲ್ಲಿದ್ದಾರೆ. ಅಂಥ ಮನೆಗಳಲ್ಲಿ ಮೂರನೆಯ ಮಗು ಬರುವ ದಾರಿ ನಮಗೆಲ್ಲ ತಿಳಿದದ್ದೇ. ಮೊದಲ ಇಬ್ಬರು ಹೆಣ್ಣಾದರು, ಅತ್ತೆಮಾವಂದಿರಿಗೆ ಗಂಡು ಬೇಕು. ಅಥವಾ ಎರಡನೆಯ ಬಾರಿ ಅವಳಿ ಹುಟ್ಟಿದವು. ಅಥವಾ ತೀರಿಹೋದ ತಮ್ಮನ ಮಗುವನ್ನು ಅಣ್ಣ ಮನೆಗೆ ಕರೆತಂದ. ಇವುಗಳಲ್ಲಿ ಯಾವುದು ಆ ಮಗುವಿನ ಅಪರಾಧ?

ಮೊದಲನೆಯ ಕಾರಣದ ಬಗ್ಗೆ ಸ್ವಲ್ಪ ನಿಲ್ಲಬೇಕಾಗಿದೆ, ಏಕೆಂದರೆ ಅದು ನಮ್ಮ ಸಮಾಜ ಎದುರಿಸಲು ಹಿಂಜರಿಯುವ ವಿಷಯ. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಜೈನ ಮಕ್ಕಳಲ್ಲಿ ಸಾವಿರ ಗಂಡಿಗೆ ಹೆಣ್ಣು 870 ಮಾತ್ರ. 2011ರಲ್ಲಿ ಅದು 889ಕ್ಕೆ ಏರಿತಾದರೂ ದೇಶದ ಸರಾಸರಿಗಿಂತ ಬಹಳ ಕೆಳಗೇ ಉಳಿಯಿತು. ಇರುವೆಗೆ ಸಕ್ಕರೆ ಹಾಕುವ, ಸೂರ್ಯಾಸ್ತದ ಬಳಿಕ ಊಟ ಮಾಡದ ಮನೆಗಳ ಲೆಕ್ಕ ಇದು. ಕಾಣೆಯಾದ ಆ ಹೆಣ್ಣುಮಕ್ಕಳು ಎಲ್ಲಿ ಹೋದರೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ಇಬ್ಬರೇ ಇರಬೇಕು, ಅವರಲ್ಲಿ ಒಂದಾದರೂ ಗಂಡಾಗಿರಬೇಕು ಎಂಬ ಎರಡು ಒತ್ತಡಗಳು ಒಂದೇ ಮನೆಯಲ್ಲಿ ಕೂಡಿದಾಗ ಅವುಗಳ ನಡುವೆ ಸಿಕ್ಕಿ ನಲುಗುವುದು ಹೆಣ್ಣು ಭ್ರೂಣ. ಸಂಖ್ಯೆಗೆ ಮಿತಿ ಹಾಕುವ ಪ್ರತಿಯೊಂದು ನಿಬಂಧನೆಯೂ, ಅದನ್ನು ಬರೆದವರಿಗೆ ಆ ಉದ್ದೇಶವಿಲ್ಲದಿದ್ದರೂ, ಈ ಒತ್ತಡಕ್ಕೆ ಒಂದು ಕಲ್ಲನ್ನು ಹೆಚ್ಚಾಗಿ ಹೇರುತ್ತದೆ. ಕರ್ನಾಟಕದಲ್ಲಿ 2006-07ರಲ್ಲಿ ಆರಂಭವಾದ ಭಾಗ್ಯಲಕ್ಷ್ಮಿ ಯೋಜನೆ ಬಡ ಕುಟುಂಬದ ಹೆಣ್ಣುಮಕ್ಕಳ ಹೆಸರಿನಲ್ಲಿ ಠೇವಣಿ ಇಡುವ ಒಳ್ಳೆಯ ಯೋಜನೆಯಾಗಿತ್ತು. ಅದರ ಆರಂಭದ ನಿಯಮಗಳಲ್ಲೂ ಎರಡು ಹೆಣ್ಣುಮಕ್ಕಳಿಗೆ ಮಾತ್ರ ಎಂಬ ಮಿತಿಯಿತ್ತು, ಒಟ್ಟು ಮಕ್ಕಳು ಮೂವರನ್ನು ಮೀರಬಾರದು, ತಂದೆತಾಯಿಗಳಲ್ಲಿ ಒಬ್ಬರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಬೇಕು ಎಂಬ ಷರತ್ತುಗಳಿದ್ದವು. ಮೂರನೆಯ ಹೆಣ್ಣುಮಗುವಿಗೆ ಭಾಗ್ಯವೂ ಇಲ್ಲ, ಲಕ್ಷ್ಮಿಯೂ ಇಲ್ಲ. ಮನೆಯಲ್ಲಿ ಮೊದಲೇ ಬೇಡವಾಗಿ ಹುಟ್ಟಿದವಳು ಅವಳೇ.

ಇಂಥ ಮಿತಿಯಿಂದ ಜನನ ನಿಜವಾಗಿ ತಗ್ಗುತ್ತದೆಯೇ? ಇದನ್ನು ಪರೀಕ್ಷಿಸಲು ಒಂದು ಇಡೀ ದೇಶದ ಅನುಭವ ನಮ್ಮ ಮುಂದಿದೆ. ಬ್ರಿಟನ್ನಿನಲ್ಲಿ, ಲಂಡನ್ ಮತ್ತು ಲೆಸ್ಟರ್ ನಗರಗಳಲ್ಲಿ ನಮ್ಮ ಜೈನ ಬಂಧುಗಳೂ ನೆಲೆಸಿರುವ ಆ ದೇಶದಲ್ಲಿ, ಕಡಿಮೆ ಆದಾಯದ ಕುಟುಂಬಗಳಿಗೆ ಸರ್ಕಾರ ಪ್ರತಿ ಮಗುವಿನ ಲೆಕ್ಕದಲ್ಲಿ ಹಣ ಕೊಡುತ್ತದೆ. 2017ರ ಏಪ್ರಿಲ್ 6ರಿಂದ ಈಚೆಗೆ ಹುಟ್ಟಿದ ಮೂರನೆಯ ಮತ್ತು ಅನಂತರದ ಮಕ್ಕಳಿಗೆ ಅಲ್ಲಿ ಈ ಹಣವನ್ನು ನಿಲ್ಲಿಸಲಾಯಿತು. ಎಲ್ಲ ಮಕ್ಕಳಿಗೂ ಸಲ್ಲುವ ಸಾಮಾನ್ಯ ಶಿಶುಭತ್ಯೆ ಮುಂದುವರಿಯಿತು. ನಿಂತದ್ದು ಬಡವರಿಗೆಂದೇ ಇದ್ದ ಹೆಚ್ಚಿನ ನೆರವು, ಮಗುವೊಂದಕ್ಕೆ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಪೌಂಡು. ದುಡಿದು ಬಾಳುವ ಕುಟುಂಬ ಲೆಕ್ಕ ಹಾಕಿ ಮಕ್ಕಳನ್ನು ಪಡೆಯುವಂತೆ ನೆರವು ಪಡೆಯುವ ಕುಟುಂಬವೂ ಲೆಕ್ಕ ಹಾಕಲಿ ಎಂಬುದು ಅಲ್ಲಿನ ಸಮರ್ಥನೆ. ಆದರೆ ಈ ಮಿತಿಗೆ ಸಿಲುಕಿದ ಕುಟುಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ದುಡಿಯುತ್ತಿದ್ದ ಕುಟುಂಬಗಳೇ ಆಗಿದ್ದವು. ಬಲಾತ್ಕಾರದಿಂದ ಹುಟ್ಟಿದ ಮಗುವಿಗೆ ವಿನಾಯಿತಿ ಇತ್ತು, ಅದನ್ನು ಪಡೆಯಲು ತಾಯಿ ತನಗಾದದ್ದನ್ನು ಅರ್ಜಿಯಲ್ಲಿ ತಿಳಿಸಬೇಕಾಗಿತ್ತು. ಮಕ್ಕಳನ್ನು ಎಣಿಸಲು ಹೊರಟ ಸರ್ಕಾರ ಎಲ್ಲಿಗೆ ಬಂದು ತಲುಪುತ್ತದೆ ನೋಡಿರಿ.

ಫಲವೇನಾಯಿತು? ಅಲ್ಲಿನ ಸಂಶೋಧಕರು ಪರಿಶೀಲಿಸಿದಾಗ ಜನನ ಪ್ರಮಾಣದ ಮೇಲೆ ಮಿತಿಯ ಪರಿಣಾಮ ತೀರ ಅಲ್ಪವೆಂದು ಕಂಡುಬಂತು. ಬಡತನ ಮಾತ್ರ ದೊಡ್ಡ ಸಂಸಾರಗಳಲ್ಲಿ ಬೆಳೆಯಿತು. 2025ರ ಹೊತ್ತಿಗೆ ಹದಿನಾರು ಲಕ್ಷಕ್ಕೂ ಹೆಚ್ಚು ಮಕ್ಕಳು ಇಂಥ ಕುಟುಂಬಗಳಲ್ಲಿದ್ದರು. 2021ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಈ ನಿಯಮ ಕಾನೂನುಬದ್ಧವೆಂದು ಹೇಳಿತ್ತು, ಕಾನೂನುಬದ್ಧವಾದುದೆಲ್ಲ ನ್ಯಾಯವಾಗಬೇಕೆಂದಿಲ್ಲ. ಕೊನೆಗೆ 2025ರ ನವೆಂಬರ್ 26ರ ಆಯವ್ಯಯದಲ್ಲಿ, 2026ರ ಏಪ್ರಿಲ್‌ನಿಂದ ಮಿತಿಯನ್ನು ತೆಗೆಯುವುದಾಗಿ ಸರ್ಕಾರವೇ ಪ್ರಕಟಿಸಿತು. ಅಷ್ಟು ಶ್ರೀಮಂತ ದೇಶ ಎಂಟು ವರ್ಷ ಮಕ್ಕಳ ಮೇಲೆ ಪ್ರಯೋಗ ಮಾಡಿ ಕೈಬಿಟ್ಟದ್ದನ್ನು ನಮ್ಮ ಟ್ರಸ್ಟುಗಳು ಹಿಡಿದುಕೊಂಡು ಕೂರಬೇಕೇ?

ಈ ಮಿತಿಯ ಹಿಂದೆ ಬಾಯಿಬಿಟ್ಟು ಹೇಳದ ಇನ್ನೊಂದು ಮಾತೂ ಇರುತ್ತದೆ, ಮಿತಿ ಇಲ್ಲದಿದ್ದರೆ ಬೇರೆ ಸಮುದಾಯದವರು ಎಲ್ಲವನ್ನೂ ಕೊಂಡೊಯ್ಯುತ್ತಾರೆ ಎಂದು. 1992-93ರ ಸಮೀಕ್ಷೆಯಲ್ಲಿ ಮುಸ್ಲಿಂ ಮಹಿಳೆಯರ ಸಂತಾನ ಸರಾಸರಿ 4.4 ಇದ್ದದ್ದು 2019-21ರ ಸಮೀಕ್ಷೆಯಲ್ಲಿ 2.4ಕ್ಕೆ ಇಳಿದಿದೆ. ಇಡೀ ದೇಶದ ಸರಾಸರಿ 2.0, ಕರ್ನಾಟಕದ್ದು 1.7. ಇಳಿಸಿದ್ದು ಶಾಲೆ, ಆಸ್ಪತ್ರೆ ಮತ್ತು ಹೆಣ್ಣುಮಕ್ಕಳ ಓದು. ಅನೇಕಾಂತವನ್ನು ನಂಬುವವರು ನೆರೆಯವರ ತೊಟ್ಟಿಲನ್ನು ಸಂಶಯದ ಒಂದೇ ಕಣ್ಣಿನಿಂದ ನೋಡುವುದು ಶೋಭಿಸದು.

ಮತ್ತು ಇದರ ನೇರ ವಿರುದ್ಧವಾದ ಕೂಗೊಂದು ಈಚೆಗೆ ನಮ್ಮದೇ ಸಭೆಗಳಲ್ಲಿ ಕೇಳಿಬರುತ್ತಿದೆ. 2011ರ ಜನಗಣತಿಯಂತೆ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ 4.4 ಲಕ್ಷ. ಅದರ ಹಿಂದಿನ ಹತ್ತು ವರ್ಷಗಳಲ್ಲಿ ದೇಶದ ಜನಸಂಖ್ಯೆ ಶೇಕಡಾ 17.7ರಷ್ಟು ಬೆಳೆದರೆ ನಮ್ಮದು ಬೆಳೆದದ್ದು 5.4ರಷ್ಟು. ಸಂತಾನ ಸರಾಸರಿ 1.6. ಆದುದರಿಂದ ಮೂರನೆಯ ಮಗು ಹೆತ್ತವರಿಗೆ ಸಮಾಜ ಬಹುಮಾನ ಕೊಡಲಿ ಎನ್ನುತ್ತಾರೆ. ಆ ಆತಂಕ ನನಗೂ ಅರ್ಥವಾಗುತ್ತದೆ; ಪೂಜೆಗೆ ಜನವಿಲ್ಲದ ಬಸದಿಗಳನ್ನು ಕಂಡವರಿಗೆಲ್ಲ ಅರ್ಥವಾಗುತ್ತದೆ. ಆದರೆ ಈ ಬಹುಮಾನವೂ ಆ ಮಿತಿಯೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಎರಡರಲ್ಲೂ ಮಗು ಒಂದು ಅಂಕಿ. ನಿನ್ನೆಯವರೆಗೆ ಮೂರನೆಯವನನ್ನು ನಮೂನೆಯಿಂದ ಹೊರಗಿಟ್ಟ ಕೈಯೇ ಇಂದು ಅವನ ತಾಯಿಗೆ ವೇದಿಕೆಯ ಮೇಲೆ ಹಾರ ಹಾಕಿದರೆ, ನಾಳೆ ಅವನು ಏಳನೆಯ ತರಗತಿಗೆ ಬಂದಾಗ ಶುಲ್ಕ ಯಾರು ಕಟ್ಟುತ್ತಾರೆ? ಹೆರುವ ನಿರ್ಧಾರ ಹೆರುವವಳಿಗೆ ಬಿಟ್ಟದ್ದು, ಮುಖ್ಯವಾಗಿ ಅವಳಿಗೆ. ಸಮಾಜದ ಕೆಲಸ ಆರಂಭವಾಗುವುದು ಮಗು ಅತ್ತ ಮೇಲೆ.

ಹಣ ಮಿತಿಯಾಗಿದೆ, ಎಲ್ಲರಿಗೂ ಕೊಡಲಾಗುವುದಿಲ್ಲ ಎಂಬುದು ಟ್ರಸ್ಟುಗಳ ಕೊನೆಯ ಉತ್ತರ. ಇದು ನ್ಯಾಯವಾದ ಕಷ್ಟ. ಆದರೆ ಸಂತಾನ ಸರಾಸರಿ ಎರಡಕ್ಕಿಂತ ಕೆಳಗಿರುವ ಸಮಾಜದಲ್ಲಿ ಮೂವರು ಮಕ್ಕಳ ಬಡ ಕುಟುಂಬಗಳು ಎಷ್ಟಿದ್ದಾವು? ಆ ನಿಬಂಧನೆಯಿಂದ ಉಳಿಯುವ ಹಣ, ಒಂದು ಪಂಚಕಲ್ಯಾಣದ ಮಂಟಪದ ದೀಪಾಲಂಕಾರದ ಖರ್ಚಿನ ಮುಂದೆ ಎಷ್ಟರದು? ಹಂಚಿಕೆಗೆ ಕ್ರಮ ಬೇಕೇ ಬೇಕು. ಆ ಕ್ರಮ ಮಗುವಿನ ಅಗತ್ಯವನ್ನು ಅಳೆಯಲಿ. ಒಟ್ಟು ಆದಾಯವನ್ನು ಮನೆಯಲ್ಲಿ ಉಣ್ಣುವವರ ಸಂಖ್ಯೆಯಿಂದ ಭಾಗಿಸಿ ನೋಡಿದರೆ ಮೂರು ಮಕ್ಕಳ ಮನೆ ತಾನಾಗಿಯೇ ಸರದಿಯಲ್ಲಿ ಮುಂದಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ತಲೆಗೆ ಬೀಳುವ ಪಾಲು ಕಡಿಮೆ. ಈಗಿನ ನಿಯಮ ಆ ಮನೆಯನ್ನೇ ಹಿಂದಕ್ಕೆ ತಳ್ಳುತ್ತದೆ. ಹಣ ನಿಜವಾಗಿಯೂ ಸಾಲದಿದ್ದರೆ ಎಲ್ಲರ ಮೊತ್ತವನ್ನೂ ಸ್ವಲ್ಪ ಸ್ವಲ್ಪ ಇಳಿಸಬಹುದು.

ಇದಕ್ಕೆ ಸರ್ಕಾರದ ಅನುಮತಿ ಬೇಕಾಗಿಲ್ಲ, ಬಹಳಷ್ಟು ಟ್ರಸ್ಟುಗಳಲ್ಲಿ ನಿಯಮಾವಳಿಯ ತಿದ್ದುಪಡಿಯೂ ಬೇಕಾಗಲಾರದು. ಆಡಳಿತ ಮಂಡಳಿಯ ಒಂದು ಠರಾವು ಸಾಕು. ಮುಂದಿನ ಶೈಕ್ಷಣಿಕ ವರ್ಷದ ನಮೂನೆಗಳು ಮುದ್ರಣಕ್ಕೆ ಹೋಗುವ ಮುನ್ನ ಕೊನೆಯ ಪುಟದ ಆ ವಾಕ್ಯವನ್ನು ಹೊಡೆದುಹಾಕಿರಿ. ಹಿಂದಿನ ವರ್ಷಗಳಲ್ಲಿ ಅದೇ ಕಾರಣದಿಂದ ತಿರಸ್ಕೃತವಾದ ಅರ್ಜಿಗಳು ಕಚೇರಿಯ ಕಪಾಟಿನಲ್ಲಿ ಇನ್ನೂ ಇದ್ದರೆ, ಅವುಗಳ ಮೇಲೆ ವಿಳಾಸವೂ ಇರುತ್ತದೆ. ಆ ಮನೆಗಳಿಗೆ ಒಂದೊಂದು ಕಾಗದ ಬರೆದು ಮತ್ತೆ ಅರ್ಜಿ ಹಾಕುವಂತೆ ತಿಳಿಸಿರಿ.